ಮೊಣಕಾಲು ಬ್ಯಾನಿ ಅಂತ ಕುಂತಬಿಟ್ರ ಹೆಂಗ?

ಐವತ್ತು ದಾಟಿ ಮೊಣಕಾಲು ಹಿಡಕೊಂತು ಅಂದ್ರ ನಮ್ಮ ಕಡೆ ಎಲ್ಲಾರೂ ಹೇಳೂದು ಒಂದೇ ಮಾತು, "ಸಾಕಬೇ, ಇನ್ನ ಕುಂತಲ್ಲೇ ಕುಂದ್ರು." ಹಾನಗಲ್ಲಿನ ತವರಮನ್ಯಾಗೂ ಇದೇ, ಶಿಗ್ಗಾಂವಿಯ ನಮ್ಮ ಓಣ್ಯಾಗೂ ಇದೇ. ಈ ಮಾತು ನಾ ಒಪ್ಪೂದಿಲ್ಲ.

ಮೊಣಕಾಲನ್ನ ಹಿಡಿದು ನಿಲ್ಲಿಸೂದು ತೊಡಿಯ ಸ್ನಾಯು. ಕುಂತಷ್ಟು ಅದು ಸೊರಗತೈತಿ, ಭಾರ ಎಲ್ಲಾ ಕೀಲಿನ ಮ್ಯಾಲೆ ಬೀಳತೈತಿ, ಬ್ಯಾನಿ ಹೆಚ್ಚಾತು ಅಂತ ಮತ್ತ ಕುಂದರತೀವಿ. 2023ರ ಜೂನಿನಿಂದ ಶಕ್ತಿ ಯೋಜನೆಯೊಳಗ ನಮಗ ಬಸ್ಸಿಗೆ ರೊಕ್ಕ ಇಲ್ಲ. ಆದ್ರ ಬಸ್ಸಿನ ಮೊದಲನೇ ಮೆಟ್ಟಲಾ ಏರಾಕ ಆಗಲಿಲ್ಲ ಅಂದ್ರ ಆ ಪುಕ್ಕಟೆ ಟಿಕೀಟು ತಗೊಂಡು ಏನ್ ಮಾಡೂದ್ರಿ?

"ಬೆಳಗಿನಿಂದ ದುಡೀತೀವಿ, ಮತ್ತ್ಯಾಕ ವ್ಯಾಯಾಮ?" ಅಂತಾಳ ಹಿರೇಕೆರೂರಿನ ನಮ್ಮ ನೆಗೆಣ್ಣಿ. ದುಡಿಯೂದು ಖರೆ. ಆದ್ರ ಅವ್ವ ಬೀಸುಕಲ್ಲು ಬೀಸತಿದ್ಲು, ಒನಕಿ ಹಿಡೀತಿದ್ಲು, ನೀರು ಸೇದತಿದ್ಲು, ದಿನಕ್ಕ ಹತ್ತು ಸಲ ನೆಲಕ್ಕ ಕುಂತು ಏಳತಿದ್ಲು. ಈಗ ಗಿರಣಿ, ಮಿಕ್ಸರ್, ನಳ ಬಂದಾವ. ಗ್ಯಾಸಿನ ಕಟ್ಟಿ ಮುಂದ ತಾಸುಗಟ್ಟಲೆ ನಿಂತ್ರ ಕಾಲು ದಣೀತಾವ, ಗಟ್ಟಿ ಆಗೂದಿಲ್ಲ. (ಹಳೇ ಕಾಲನs ಛಲೋ ಇತ್ತು ಅನ್ನಾಕ ಹೊಂಟಿಲ್ಲ. ಬೀಸಿ ಬೀಸಿ ಟೊಂಕ ಹೋದವರನ್ನೂ ಕಂಡೀನಿ.)

ಗಂಡಸರಿಗೆ ಊರೂರಿಗೆ ಗರಡಿಮನಿ ಇದ್ದವು, ಬಸ್ಕಿ ಹೊಡದ್ರು, ಗುಂಡುಕಲ್ಲು ಎತ್ತಿದ್ರು. ನಮಗ ಬಸ್ಕಿ ಅಂದ್ರ ಸಾಲ್ಯಾಗಿನ ಶಿಕ್ಷಾ, ಇಲ್ಲಾ ಗಣಪ್ಪನ ಮುಂದಿಂದು. ವಿಶ್ವ ಆರೋಗ್ಯ ಸಂಸ್ಥೆ 2020ರಾಗ ಹೇಳೈತಿ, ವಾರಕ್ಕ ಎರಡು ದಿನಾನಾದ್ರೂ ಸ್ನಾಯು ಗಟ್ಟಿ ಮಾಡೂ ವ್ಯಾಯಾಮ ಬೇಕು ಅಂತ. ಅದ್ರಾಗ ಹೆಣ್ಣು ಗಂಡು ಅಂತ ಭೇದ ಇಲ್ಲ.

ನಾ ಹಿತ್ತಲದಾಗ ಜಾರಿ ಬಿದ್ದು ಮೊಣಕಾಲು ಬಾತಾಗ, ಬಾವು ಇಳದ ಮ್ಯಾಲೆ ಫಿಜಿಯೋಥೆರಪಿಯವರು ಕಲಿಸಿದ್ದು ಸಾದಾ. ಗ್ವಾಡಿಗೆ ಹಚ್ಚಿದ ಗಟ್ಟಿ ಖುರ್ಚಿಯಿಂದ, ಕೈ ಊರದs, ನಿಧಾನ ಏಳೂದು, ಅದಕ್ಕಿಂತ ನಿಧಾನ ಕುಂದ್ರೂದು. ಮೊದಲು ಐದು ಸಲ, ಆಮ್ಯಾಲೆ ಹತ್ತು. ಖುರ್ಚಿ ತೆಗ್ಗ ಅನಿಸಿದ್ರ ಮ್ಯಾಲೊಂದು ದಿಂಬು ಹಾಕ್ರಿ. ಎರಡನೇದು, ಅಂಗಾತ ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನ ನೆಟ್ಟಗ ಒಂದು ಗೇಣು ಎತ್ತಿ ಐದು ಎಣಸೂದು. ತೋಳಿಗೆ ಲೀಟರ್ ನೀರಿನ ಬಾಟ್ಲಿ ಸಾಕು, ಒಂದು ಕಿಲೋ ಆತು. ಚಾ ಕುದಿಯೂದ್ರಾಗ ಅರ್ಧ ಮುಗೀತೈತಿ. ಸೊಸಿ ನಗತಾಳ, ನಗಲಿ.

ಮಾಡುವಾಗ ಸ್ವಲ್ಪ ಬ್ಯಾನಿ ಆದ್ರ ಅಂಜಬ್ಯಾಡ್ರಿ. ಮರುದಿನಾನೂ ಹೆಚ್ಚಾಗೇ ಉಳೀತು, ಬಾವು ಬಂತು ಅಂದ್ರ ಎಣಿಕಿ ಕಡಿಮಿ ಮಾಡ್ರಿ.

ಸವಣೂರಿನ ನಮ್ಮ ಅತ್ತಿ ಮಣಿಕಟ್ಟು ಮುರಕೊಂಡಿದ್ರು. ಪಟ್ಟಿ ಬಿಚ್ಚಿದ ಮ್ಯಾಲೂ ಕೈಯನ್ನ ಕೂಸಿನಗತೆ ಎದಿಗೆ ಅಪ್ಪಿಕೊಂಡೇ ಇರತಿದ್ರು, ಬಳ್ಳು ಬಿರುಸಾದ್ವು. ಡಾಕ್ಟರು ಬೈದು, ಬಳ್ಳು ಮಡಚೂದು ಬಿಚ್ಚೂದು, ಒದ್ದಿ ಅರಬಿ ಹಿಂಡೂದು ಹಚ್ಚಿದ್ರು. ಎರಡು ತಿಂಗಳಿಗೆ ಮತ್ತ ರೊಟ್ಟಿ ಬಡಿಯಾಕ ಕುಂತ್ರು.

ಎಲುಬು ಮುರದವರು, ಆಪರೇಷನ್ ಆದವರು ಡಾಕ್ಟರನ್ನ ಕೇಳೇ ಸುರು ಮಾಡ್ರಿ. ಕೀಲು ಕೆಂಪಗಾಗಿ ಬಾತು ಜ್ವರ ಬಂದವರು, ಕಾಲು ಊರಾಕs ಆಗದವರು ಖುರ್ಚಿ ಬಿಟ್ಟು ಮೊದಲು ದವಾಖಾನಿಗೆ ನಡೀರಿ.