ಹಿತ್ತಲ ಹೊಂಡಕ್ಕೆ ಸ್ಕಿಮ್ಮರ್ ಬೇಕಾ? ಮೊದಲು ಕೋಡಿ ನೋಡಿ

ಮೊಬೈಲಿನಲ್ಲಿ ಒಮ್ಮೆ ಕೃಷಿ ಹೊಂಡದ ವಿಡಿಯೊ ನೋಡಿದರೆ ಸಾಕು, ಮರುದಿನದಿಂದ ಸ್ಕಿಮ್ಮರ್ ಜಾಹೀರಾತು ಬರಲು ಶುರು. ನೀರಿನ ಮೇಲೆ ತೇಲುವ ಒಂದು ಡಬ್ಬಿ, ಒಳಗೊಂದು ಸಣ್ಣ ಪಂಪು. ಬಿದ್ದ ಎಲೆಯೆಲ್ಲ ತಾನಾಗಿಯೇ ಡಬ್ಬಿಯೊಳಗೆ ಹೋಗುತ್ತದೆ, ಹೊಂಡ ಕನ್ನಡಿಯ ಹಾಗೆ ಹೊಳೆಯುತ್ತದೆ. ಚಂದ್ರಗುತ್ತಿ ಸುತ್ತಲಿನ ಊರುಗಳಲ್ಲಿ ಹಿತ್ತಲಲ್ಲೋ ತೋಟದ ತಲೆಯಲ್ಲೋ ಹೊಂಡ ಇರುವವರು "ಇದನ್ನು ತರಿಸಬಹುದಾ?" ಎಂದು ನಮ್ಮನ್ನು ಕೇಳುತ್ತಿದ್ದಾರೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಹೆಚ್ಚಿನವರಿಗೆ ಬೇಡ. ಹೊಂಡಕ್ಕೆ ಸರಿಯಾದ ಒಂದು ಕೋಡಿ, ಕೈಗೆ ಉದ್ದ ಹಿಡಿಯ ಬಲೆ, ಸುತ್ತ ಬೇಲಿ. ಈ ಮೂರೂ ಆದ ಮೇಲೆ ದುಡ್ಡು ಉಳಿದರೆ ಯಂತ್ರದ ಮಾತು.

ಎಲೆ ತೆಗೆಯುವುದು ಬರೀ ಚಂದಕ್ಕಲ್ಲ. ಬಿದ್ದ ತರಗೆಲೆ ಕೆಲವು ದಿನ ತೇಲುತ್ತದೆ, ಆಮೇಲೆ ನೆನೆದು ತಳ ಸೇರುತ್ತದೆ. ಅಲ್ಲಿ ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ. ಮೀನು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡುವುದಕ್ಕೆ ಇದೂ ಒಂದು ಕಾರಣ. ತಳದ ರಾಡಿ ಪಂಪಿಗೆ ಸಿಕ್ಕಿದರೆ ಡ್ರಿಪ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹಾಗಾಗಿ ಎಲೆ ತೇಲುತ್ತಿರುವಾಗಲೇ ತೆಗೆಯಬೇಕು ಎನ್ನುವ ಮಾತು ಸರಿ. ಯಾವುದರಿಂದ ತೆಗೆಯಬೇಕು ಎನ್ನುವುದಷ್ಟೇ ಪ್ರಶ್ನೆ.

ಸ್ಕಿಮ್ಮರ್ ಎಂದರೆ ಹೊಸದೇನಲ್ಲ. ಸೊರಬ ತಾಲ್ಲೂಕು ಕೆರೆಗಳಿಗೆ ಹೆಸರಾದದ್ದು. ಕೆರೆಯ ತೂಬು ಕೆಳಗಿನ ನೀರು ಬಿಡುತ್ತದೆ, ಕೋಡಿ ಮೇಲಿನ ನೀರು ಬಿಡುತ್ತದೆ. ಕೋಡಿ ಬಿದ್ದಾಗ ಕಸಕಡ್ಡಿಯೆಲ್ಲ ಅದರ ಬಾಯಿಗೆ ಬಂದು ಸೇರುವುದನ್ನು ನಾವೆಲ್ಲ ನೋಡಿದ್ದೇವೆ. ಸ್ಕಿಮ್ಮರ್ ಮಾಡುವುದೂ ಅದನ್ನೇ. ಹಾಲಿನ ಕೆನೆ ತೆಗೆದ ಹಾಗೆ ನೀರಿನ ತೆಳು ಮೇಲ್ಪದರ ಎಳೆದುಕೊಂಡು, ಬುಟ್ಟಿಯಲ್ಲಿ ಕಸ ಹಿಡಿದು, ನೀರನ್ನು ವಾಪಸ್ ಹೊಂಡಕ್ಕೆ ಬಿಡುತ್ತದೆ. ಅದು ಕರೆಂಟಿನಲ್ಲಿ ನಡೆಯುವ ಪುಟ್ಟ ಕೋಡಿ, ಅಷ್ಟೆ.

ಹಾಗಾದರೆ ತೊಂದರೆ ಎಲ್ಲಿ? ಮೂರು ಕಡೆ.

ಒಂದು, ನೀರಿನ ಮಟ್ಟ. ಗೋಡೆಗೆ ಕೂರಿಸುವ ಸ್ಕಿಮ್ಮರ್ ಕೆಲಸ ಮಾಡಬೇಕಾದರೆ ನೀರು ಅದರ ಬಾಯಿಯ ಮಟ್ಟದಲ್ಲೇ ನಿಲ್ಲಬೇಕು. ಕೆಲವು ಇಂಚು ಇಳಿದರೂ ಪಂಪು ಗಾಳಿ ಎಳೆಯುತ್ತದೆ. ತೋಟಕ್ಕೆ ನೀರು ಬಿಡುವ ನಮ್ಮ ಹೊಂಡ ಬೇಸಿಗೆಯಲ್ಲಿ ಇಳಿಯುವುದು ಇಂಚಿನ ಲೆಕ್ಕದಲ್ಲಿ ಅಲ್ಲ, ಅಡಿ ಲೆಕ್ಕದಲ್ಲಿ. ಕಾಡಿನ ಎಲೆ ಉದುರುವುದೂ ಅದೇ ಸಮಯಕ್ಕೆ. ಬೇಕಾದ ಹೊತ್ತಿಗೇ ಯಂತ್ರ ಒಣ ಗೋಡೆಯ ಮೇಲೆ ನೇತಾಡುತ್ತಿರುತ್ತದೆ.

ಎರಡು, ಅಗಲ. ತೇಲುವ ಸ್ಕಿಮ್ಮರ್ ನೀರಿನ ಜೊತೆ ಇಳಿಯುತ್ತದೆ, ನಿಜ. ಆದರೆ ಡಬ್ಬಿಯ ಮೇಲೆ ಬರೆದದ್ದನ್ನು ಓದಿ. ಸಣ್ಣವುಗಳ ಮೇಲೆ 25 ಚದರ ಮೀಟರ್, 50 ಚದರ ಮೀಟರ್ ಎಂದಿರುತ್ತದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳಲ್ಲಿ 10×10 ಮೀಟರಿನದೇ 100 ಚದರ ಮೀಟರ್ ಆಯಿತು. 12×12 ಮೀಟರಿನದು 144. ಒಂದು ಡಬ್ಬಿ ಸಾಲುವುದಿಲ್ಲ.

ಮೂರು, ಕರೆಂಟು. ಪಂಪು ನಿಂತರೆ ಸ್ಕಿಮ್ಮರ್ ಬರೀ ತೇಲುವ ಡಬ್ಬಿ. 100 ವಾಟಿನ ಪಂಪು ಹಗಲೂ ರಾತ್ರಿ ಓಡಿದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72 ಯೂನಿಟ್. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿರುವ ಮನೆಯವರು ಈ 72 ಅನ್ನು ಕೂಡಿಸಿ ನೋಡಿ. ನಿಮಗೆ ಸಿಕ್ಕ ಮಿತಿ ದಾಟಿದರೆ ಹೆಚ್ಚಿನದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಇನ್ನು ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಕೇಳುವುದೇ ಬೇಡ.

ಯಂತ್ರ ಯಾರಿಗೂ ಬೇಡ ಎಂದು ನಾವು ಹೇಳುತ್ತಿಲ್ಲ. ಮನೆ ಮುಂದೆ ಸಿಮೆಂಟಿನ ಸಣ್ಣ ತಾವರೆ ಕೊಳ ಇದೆ, ನೀರಿನ ಮಟ್ಟ ಬದಲಾಗುವುದಿಲ್ಲ, ಹೋಂಸ್ಟೇ ನಡೆಸುತ್ತೀರಿ ಎಂದಾದರೆ ತೇಲುವ ಸ್ಕಿಮ್ಮರ್ ತರಿಸಿ. ಹೊಂಡದ ಅಗಲಕ್ಕಿಂತ ದೊಡ್ಡ ಅಳತೆಯದನ್ನೇ ಕೊಳ್ಳಿ. ಬುಟ್ಟಿ ಸುಲಭವಾಗಿ ಹೊರಗೆ ಬರುತ್ತದೆಯೇ ನೋಡಿ, ಅದನ್ನು ದಿನವೂ ಖಾಲಿ ಮಾಡಬೇಕು. ಮೀನುಮರಿ ಬಿಟ್ಟಿದ್ದರೆ ಬಾಯಿಗೆ ಜಾಲರಿ ಕಟ್ಟಿ. ಲೈನಿಗೆ ಆರ್‌ಸಿಸಿಬಿ ಹಾಕಿಸದೆ ನೀರಿಗೆ ಪಂಪು ಇಳಿಸಬೇಡಿ, ಸ್ವಿಚ್ ಆರಿಸದೆ ನೀರಿಗೆ ಕೈ ಹಾಕಬೇಡಿ. ಹಸಿರುಗಟ್ಟಿದ ನೀರನ್ನು ಸ್ಕಿಮ್ಮರ್ ತಿಳಿ ಮಾಡುವುದಿಲ್ಲ, ತಳದ ರಾಡಿಯನ್ನೂ ತೆಗೆಯುವುದಿಲ್ಲ. ಮಾರುವವರು ಹಾಗೆ ಹೇಳಿದರೆ ನಂಬಬೇಡಿ.

ಉಳಿದವರು ಕೋಡಿಗೆ ಬನ್ನಿ. ಹೊಂಡ ತೋಡಿಸುವಾಗ ಹೆಚ್ಚಿನವರು ಮೂಲೆಯಲ್ಲಿ ಒಂದು ಪೈಪ್ ತುಂಡು ಇಟ್ಟು ಮುಗಿಸುತ್ತಾರೆ. ಪೈಪಿನ ತೂತು ಮೇಲ್ಪದರ ಎಳೆಯುವುದಕ್ಕಿಂತ ಹೆಚ್ಚಾಗಿ ಕಸ ಸಿಕ್ಕಿಸಿಕೊಂಡು ಕಟ್ಟಿಕೊಳ್ಳುತ್ತದೆ. ಅದರ ಬದಲು ಅಗಲವಾಗಿ, ತೆಳುವಾಗಿ ನೀರು ಹರಿಯುವ ಕೋಡಿ ಮಾಡಿ. ಕೆಳಗೆ ಕಲ್ಲು ಹಾಸಿ, ಇಲ್ಲದಿದ್ದರೆ ಏರಿ ಕೊರೆಯುತ್ತದೆ. ಟಾರ್ಪಾಲು ಹಾಸಿದ ಹೊಂಡವಾದರೆ ಹಾಳೆಯನ್ನು ಕೋಡಿಯ ಅಡಿಯವರೆಗೂ ಎಳೆದುಕೊಳ್ಳಿ. ಮಳೆಗಾಲದ ಗಾಳಿ ಪಡುವಣದಿಂದ ಬೀಸುವುದರಿಂದ ಎಲೆ ಮೂಡಣ ದಂಡೆಗೆ ಸೇರುತ್ತದೆ. ನೆಲದ ಇಳಿಜಾರು ಒಪ್ಪಿದರೆ ಕೋಡಿ ಆ ಬದಿಗೇ ಇರಲಿ.

ಕೋಡಿಯ ಬಾಯಿಗೆ ಜಾಲರಿ ಬೇಕೇ ಬೇಕು. ಮೀನು ಹೋಗದಿರಲಿ ಎಂದಷ್ಟೇ ಅಲ್ಲ. ಹೂವು ಚಂದ ಎಂದು ಹೊಂಡಕ್ಕೆ ತಂದು ಬಿಟ್ಟ ಜಲಕಳೆ ಕೋಡಿ ದಾಟಿದರೆ ಹಳ್ಳಕ್ಕೆ, ಹಳ್ಳದಿಂದ ಊರ ಕೆರೆಗೆ. ನಮ್ಮ ಹಿತ್ತಲಿನ ಚಂದಕ್ಕೆ ಊರ ಕೆರೆ ಮುಚ್ಚಿಹೋಗಬಾರದು. ಜೋರು ಮಳೆಯಲ್ಲಿ ಜಾಲರಿಯನ್ನು ದಿನವೂ ಬಿಡಿಸಿ. ಕಸ ಕಟ್ಟಿಕೊಂಡರೆ ನೀರು ಏರಿ ಮೇಲೆ ಹತ್ತುತ್ತದೆ.

ಬೇಸಿಗೆಗೆ ಬಲೆ. ಅಡಿಕೆ ದೋಟಿಯ ಹಳೆಯ ಬಿದಿರಿನ ತುಂಡಿಗೆ ಕಬ್ಬಿಣದ ಬಳೆ, ಅದಕ್ಕೊಂದು ನೈಲಾನ್ ಬಲೆ. ಬೆಳಿಗ್ಗೆ ಒಂದು ಹದಿನೈದು ನಿಮಿಷದ ಕೆಲಸ. ಕಾರ್ಬನ್ ಫೈಬರ್ ದೋಟಿ ಹಗುರ ಎಂದು ಬಳಸುವವರು ತಲೆ ಎತ್ತಿ ಒಮ್ಮೆ ಲೈನ್ ನೋಡಿಕೊಳ್ಳಿ. ಅದರಲ್ಲಿ ಕರೆಂಟು ಹರಿಯುತ್ತದೆ. ತೆಗೆದ ದರಕು ಗೊಬ್ಬರ ಗುಂಡಿಗೆ ಹೋಗಲಿ, ದಂಡೆಯ ಮೇಲೆ ರಾಶಿ ಹಾಕಿದರೆ ಮೊದಲ ಮಳೆಗೇ ವಾಪಸ್.

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯ ಮಾತು ಬೇಲಿಯದು. ಟಾರ್ಪಾಲಿನ ಮೇಲೆ ಪಾಚಿ ಕಟ್ಟಿದರೆ ಜಾರಿ ಬಿದ್ದವರು, ಈಜು ಬಂದರೂ, ಹತ್ತಿ ಬರುವುದು ಕಷ್ಟ. ಕೃಷಿ ಹೊಂಡಕ್ಕೆ ಬಿದ್ದ ಮಕ್ಕಳ ಸುದ್ದಿ ಬರೆಯಬೇಕಾಗಿ ಬಂದಾಗಲೆಲ್ಲ ಒಂದು ತಂತಿ ಬೇಲಿ ಇದ್ದಿದ್ದರೆ ಎಂದೇ ನಮಗೆ ಅನಿಸುತ್ತದೆ. ಎಲೆ ತೆಗೆಯಲು ಹೋದವರು ಬಗ್ಗಿ ಬಗ್ಗಿ ಜಾರುತ್ತಾರೆ. ಉದ್ದ ಹಿಡಿ ಬೇಕು ಎನ್ನುವುದು ಅದಕ್ಕೇ. ಗಂಟು ಹಾಕಿದ ಒಂದು ದಪ್ಪ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡಿ. ಒಬ್ಬರೇ ಹೋಗಬೇಡಿ, ಮಕ್ಕಳನ್ನು ಈ ಕೆಲಸಕ್ಕೆ ಕಳಿಸಲೇಬೇಡಿ.

ಕೃಷಿ ಇಲಾಖೆಯವರಿಗೂ ಒಂದು ಮಾತು. ಹೊಂಡ ತೋಡಿದ್ದು, ಹಾಳೆ ಹಾಸಿದ್ದು ಅಳತೆ ಮಾಡಿ ಫೋಟೊ ತೆಗೆದುಕೊಳ್ಳುತ್ತೀರಿ. ಕೋಡಿ ಎಲ್ಲಿದೆ, ಬೇಲಿ ನಿಂತಿದೆಯೇ ಎಂದು ನೋಡಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕಿ.

ರೈತರಿಗೆ ನಾವು ಕೇಳುವುದು ಇಷ್ಟೇ: ಸ್ಕಿಮ್ಮರಿಗೆಂದು ಎತ್ತಿಟ್ಟ ದುಡ್ಡು ಇದ್ದರೆ ಮಳೆ ಹಿಡಿಯುವ ಮೊದಲು ಬೇಲಿಗೆ ಹಾಕಿ.