ಮೀನು ಬದುಕಿದ್ದರೆ ಸಾಕೆ?

ಕಾರವಾರದಿಂದ ಮಂಗಳೂರಿನವರೆಗೆ ಹಬ್ಬಿರುವ ನಮ್ಮ ಕಡಲತೀರದಲ್ಲಿ, ಅಲೆಯ ಅಂಚಿಗೆ ನಿಂತು ಗಾಳ ಎಸೆಯುವವರನ್ನು ವಾಚಕರು ಕಂಡಿರಬಹುದು. ಅವರ ಮುಂದಿನ ನೀರು ಕ್ಷಣಕ್ಷಣಕ್ಕೂ ಹೊಸದು. ಒಡೆಯುವ ಅಲೆಯು ಗಾಳಿಯನ್ನು ನೀರಿನೊಳಕ್ಕೆ ಬೆರೆಸುತ್ತದೆ. ಉಬ್ಬರವಿಳಿತಗಳು ದಿನಕ್ಕೆರಡು ಬಾರಿ ದಡವನ್ನು ತೊಳೆಯುತ್ತವೆ. ಅಲ್ಲಿ ಮೀನಿಗೆ ಆಮ್ಲಜನಕದ ಕೊರತೆಯುಂಟಾಗುವುದು ಅಪರೂಪ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಗೆ ಕಡಲಿಲ್ಲ. ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿಯು ಗೌರಿಬಿದನೂರನ್ನು ಹಾದು ಕೊನೆಗೆ ಬಂಗಾಳ ಕೊಲ್ಲಿಯನ್ನು ಸೇರುವುದಾದರೂ, ಇಲ್ಲಿ ಅದರ ಪಾತ್ರವು ವರ್ಷದ ಬಹುಕಾಲ ಬರಿಯ ಮರಳಾಗಿರುತ್ತದೆ. ಆದುದರಿಂದ ಇಲ್ಲಿಯವರಿಗೆ ಕೆರೆಯ ಏರಿಯೇ ಕಡಲತೀರ. ಎರೆಹುಳುವನ್ನು ಸಿಕ್ಕಿಸಿ ಗಾಳ ಬಿಡುವ ಹುಡುಗರೂ, ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ಬಿಟ್ಟು ಬೆಳೆಸುವ ಗುತ್ತಿಗೆದಾರರೂ ನಂಬಿರುವುದು ಈ ನಿಂತ ನೀರನ್ನೇ.

ಈ ನೀರು ಈಚಿನ ವರ್ಷಗಳಲ್ಲಿ ಬದಲಾಗಿದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ, ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳನ್ನು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಸೇರಿಸಲಾಗಿದೆ. ಯೋಜನೆಯ ಉದ್ದೇಶ ಅಂತರ್ಜಲವನ್ನು ಹೆಚ್ಚಿಸುವುದು. ಆದರೆ ನೀರು ನಿಂತ ಕೆರೆಯಲ್ಲಿ ಮೀನು ಬೆಳೆಯುತ್ತದೆ. ಬೆಳೆದ ಮೀನು ಊಟದ ತಟ್ಟೆಗೆ ಬರುತ್ತದೆ. “ಮೀನು ಬದುಕಿದೆಯಲ್ಲ, ನೀರು ಚೆನ್ನಾಗಿಯೇ ಇರಬೇಕು” ಎಂಬ ಮಾತು ಏರಿಯ ಮೇಲೆ ಸುಲಭವಾಗಿ ಹುಟ್ಟುತ್ತದೆ. ಈ ತರ್ಕವನ್ನು ನಾವು ಒಪ್ಪಲಾರೆವು.

ಮೊದಲನೆಯದಾಗಿ, ಎಲ್ಲ ಮೀನುಗಳ ಸಹನಶಕ್ತಿಯೂ ಒಂದೇ ಅಲ್ಲ. 1952ರಲ್ಲಿ ನಮ್ಮ ದೇಶಕ್ಕೆ ತರಲಾದ ತಿಲಾಪಿಯಾ, ಅಂದರೆ ನಮ್ಮ ಜನರ ಜಿಲೇಬಿ ಮೀನು, ಕೆಟ್ಟ ನೀರಿನಲ್ಲಿಯೂ ಬಾಳಬಲ್ಲದು. ಆಫ್ರಿಕದ ಕ್ಯಾಟ್‌ಫಿಶ್ ಮತ್ತು ನಮ್ಮ ಕೊರವ ಮೀನುಗಳಂತೂ ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ಇಂಥವು ಗಾಳಕ್ಕೆ ಬಿದ್ದರೆ ಅದು ಆ ಮೀನಿನ ಗಟ್ಟಿತನಕ್ಕೆ ಸಾಕ್ಷಿಯೇ ಹೊರತು ನೀರಿನ ಶುದ್ಧತೆಗಲ್ಲ.

ಎರಡನೆಯದಾಗಿ, ನೀರಿನ ಗುಣವು ಹೊತ್ತುಹೊತ್ತಿಗೂ ಬದಲಾಗುತ್ತದೆ. ಎರಡನೆಯ ಹಂತದ ಶುದ್ಧೀಕರಣದಲ್ಲಿ ಸಾವಯವ ಕಶ್ಮಲ ಬಹುಮಟ್ಟಿಗೆ ಕಳೆದರೂ ಸಾರಜನಕ, ರಂಜಕಗಳ ಒಂದಂಶ ಉಳಿಯುತ್ತದೆ. ಇವು ಪಾಚಿಗೆ ಗೊಬ್ಬರ. ಹಗಲಿನಲ್ಲಿ ಬಿಸಿಲಿಗೆ ಪಾಚಿಯು ಆಮ್ಲಜನಕವನ್ನು ಬಿಡುತ್ತದೆ. ರಾತ್ರಿ ತಾನೇ ಅದನ್ನು ಸೇವಿಸುತ್ತದೆ. ಹೀಗಾಗಿ ಮುಂಜಾವಿನ ಹೊತ್ತಿಗೆ ನೀರಿನ ಆಮ್ಲಜನಕ ಅತ್ಯಂತ ಕಡಿಮೆಯಾಗಿ, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ ಮೀನುಗಾರಿಕೆಗೆ ತಕ್ಕ ನೀರಿನಲ್ಲಿ ಪ್ರತಿ ಲೀಟರಿಗೆ 4 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಆಮ್ಲಜನಕವಿರಬೇಕು. ಬಿಡಿ ಅಮೋನಿಯ 1.2 ಮಿಲಿಗ್ರಾಂ ಮೀರಬಾರದು. ನಡುಹಗಲಿನಲ್ಲಿ ನೀರು ತೆಗೆದು ಅಳೆದು “ಸರಿಯಾಗಿದೆ” ಎಂದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಯಿತು.

ಮೂರನೆಯದಾಗಿ, ಈ ಅಳತೆಗಳು ಮೀನಿನ ಕ್ಷೇಮವನ್ನು ತಿಳಿಸುತ್ತವೆ, ತಿನ್ನುವವರ ಕ್ಷೇಮವನ್ನಲ್ಲ. ನೀರು ಆವಿಯಾಗಿ ಹೋಗುತ್ತದೆ. ಅದರೊಡನೆ ಬಂದ ಲೋಹಗಳು ಕೆರೆಯ ಹೂಳಿನಲ್ಲಿ ಉಳಿಯುತ್ತವೆ. ಸೀಸ, ಕ್ಯಾಡ್ಮಿಯಂಗಳು ಮೀನಿನ ಪಿತ್ತಜನಕಾಂಗ, ಮೂತ್ರಪಿಂಡ, ಕಿವಿರುಗಳಲ್ಲಿ ಹೆಚ್ಚಾಗಿಯೂ ಪಾದರಸವು ಮಾಂಸದಲ್ಲಿಯೂ ಸಂಗ್ರಹವಾಗುತ್ತವೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಲೋಹಗಳು ಹೋಗುವುದಿಲ್ಲ. ಜಪಾನಿನ ಮಿನಮಾಟಾ ಕೊಲ್ಲಿಯಲ್ಲಿ 1956ರಲ್ಲಿ ಬೆಳಕಿಗೆ ಬಂದ ಪಾದರಸದ ವ್ಯಾಧಿಯು ಕೊಲ್ಲಿಯ ಮೀನನ್ನು ಎಂದಿನಂತೆ ತಿಂದವರನ್ನೇ ಹಿಡಿಯಿತು.

ನಮ್ಮ ಕೆರೆಗಳಲ್ಲಿ ಹಾಗಾಗಿದೆಯೆಂದು ನಾವು ಹೇಳುತ್ತಿಲ್ಲ. ಕೊಳಚೆ ನೀರೆಂಬ ಹೆಸರಿಗೇ ಹೇಸಿ ಈ ನೀರನ್ನು ಧಿಕ್ಕರಿಸುವುದೂ ವಿವೇಕವಲ್ಲ. ಕೋಲ್ಕತ್ತದ ಪೂರ್ವಕ್ಕಿರುವ ಜೌಗುಪ್ರದೇಶದ ಕೊಳಗಳಲ್ಲಿ ನಗರದ ಕೊಳಚೆ ನೀರಿನಿಂದಲೇ ತಲೆಮಾರುಗಳಿಂದ ಮೀನು ಸಾಕುತ್ತಿದ್ದಾರೆ. 2002ರಲ್ಲಿ ಆ ಪ್ರದೇಶಕ್ಕೆ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಒಣಗಿದ ಕೆರೆಗೆ ನೀರು ಬಂದುದು ಈ ಸೀಮೆಗೆ ಸಣ್ಣ ಉಪಕಾರವಲ್ಲ. ನಮಗೆ ಬೇಕಾದುದು ಭಯವೂ ಅಲ್ಲ, ಕುರುಡು ನಂಬಿಕೆಯೂ ಅಲ್ಲ, ಲೆಕ್ಕ.

ನಮ್ಮ ಸಲಹೆ ಸರಳವಾದುದು. ಮೀನು ಹಿಡಿಯುವ ಪ್ರತಿಯೊಂದು ಕೆರೆಯಲ್ಲಿಯೂ ಆಮ್ಲಜನಕವನ್ನು ಸೂರ್ಯೋದಯಕ್ಕೆ ಮುಂಚೆ ಅಳೆಯಬೇಕು. ವರ್ಷಕ್ಕೆರಡು ಬಾರಿ, ಬೇಸಗೆಯಲ್ಲಿ ನೀರು ತಗ್ಗಿದಾಗಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ, ನೀರನ್ನು ಮಾತ್ರವಲ್ಲದೆ ಮೀನಿನ ಮಾಂಸವನ್ನೂ ಲೋಹಗಳಿಗಾಗಿ ಪರೀಕ್ಷಿಸಬೇಕು. ಫಲಿತಾಂಶವನ್ನು ದಿನಾಂಕದೊಡನೆ ಕನ್ನಡದಲ್ಲಿ ಬರೆದು ಏರಿಯ ಮೇಲೆಯೇ ಹಲಗೆ ಹಾಕಬೇಕು. ಖರ್ಚಿಗೆ ಕೆರೆಯ ಮೀನು ಗುತ್ತಿಗೆಯ ಹಣದಲ್ಲಿ ಒಂದು ಪಾಲನ್ನು ತೆಗೆದಿಡಬಹುದು. 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಂಥ ಸಂಸ್ಥೆಗಳ ನೆರವನ್ನು ಇದಕ್ಕೆ ಪಡೆಯುವುದು ಉಚಿತ.

ಪರೀಕ್ಷೆಯ ಸುದ್ದಿಯಿಂದ ಜನ ಬೆದರಿ ಮೀನಿನ ಬೆಲೆ ಬೀಳಬಹುದೆಂದು ಆಕ್ಷೇಪಿಸುವವರುಂಟು. ಬಡ ಮೀನುಗಾರನ ಆ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಬೆಲೆಯನ್ನು ಕೆಡಿಸುವುದು ಗಾಳಿಮಾತು. ಅದನ್ನು ನಿಲ್ಲಿಸಬಲ್ಲುದು ಅಳೆದು ಬರೆದ ಅಂಕಿಯೊಂದೇ. ಫಲಿತಾಂಶ ಒಳ್ಳೆಯದಾದರೆ ಅವನ ಮೀನಿಗೆ ಅದಕ್ಕಿಂತ ಉತ್ತಮವಾದ ಪ್ರಶಸ್ತಿಪತ್ರವಿಲ್ಲ. ಕೆಟ್ಟದಾದರೆ ಮೊದಲು ತಿಳಿಯಬೇಕಾದವರು ಅದೇ ಮೀನನ್ನು ಮನೆಗೊಯ್ಯುವ ಅವನ ಮಕ್ಕಳೇ.

ಅಲ್ಲಿಯವರೆಗೆ ಗಾಳ ಹಾಕುವ ವಾಚಕರಿಗೆ ನಮ್ಮ ವಿಜ್ಞಾಪನೆ ಇಷ್ಟೆ: ಮೀನಿನ ಕರುಳು, ಪಿತ್ತಜನಕಾಂಗ, ಕಿವಿರುಗಳನ್ನು ತೆಗೆದುಹಾಕಿರಿ, ಚೆನ್ನಾಗಿ ಬೇಯಿಸಿರಿ, ಬೆಳಗಿನಲ್ಲಿ ಸತ್ತು ತೇಲಿದ ಮೀನನ್ನು ಮನೆಗೆ ಒಯ್ಯದಿರಿ. ಮತ್ತು ಕೆರೆಯ ನೀರಿನ ಲೆಕ್ಕವನ್ನು ನಿಮ್ಮ ಪಂಚಾಯತಿಯಲ್ಲಿ ಕೇಳಿರಿ.