ಕೂಡಿ ಆಡುವ ಬಗೆ

ಆಟದಲ್ಲಿ ಜಗಳ ಹುಟ್ಟಿದೊಡನೆ ನಾವು ತಪ್ಪಿತಸ್ಥನನ್ನು ಹುಡುಕತೊಡಗುತ್ತೇವೆ. ಒಬ್ಬನು ಸ್ವಾರ್ಥಿ, ಇನ್ನೊಬ್ಬನು ಸೋಮಾರಿ, ಮತ್ತೊಬ್ಬನು ಆತುರಗಾರ ಎಂದು ಹೆಸರಿಟ್ಟುಬಿಡುತ್ತೇವೆ. ಆದರೆ ಅನೇಕ ವೇಳೆ ಅಲ್ಲಿ ತಪ್ಪಿತಸ್ಥರು ಯಾರೂ ಇರುವುದಿಲ್ಲ. ಒಂದೇ ಆಟಕ್ಕೆ ಕುಳಿತ ನಾಲ್ವರು ನಾಲ್ಕು ಬಗೆಯ ಸಂತೋಷವನ್ನು ಅರಸಿ ಬಂದಿರುತ್ತಾರೆ, ಅಷ್ಟೆ. ದೂರದೂರದ ಊರುಗಳಲ್ಲಿರುವವರು ಅಂತರಜಾಲದ ಮೂಲಕ ಒಂದು ತಂಡವಾಗಿ ಆಡುವ ಆಟಗಳಲ್ಲಿ ಈ ಸಂಗತಿ ಬಹು ಸ್ಪಷ್ಟವಾಗಿ ಕಾಣುತ್ತದೆ.

ಇದನ್ನು ಮೊದಲು ಚೆನ್ನಾಗಿ ಗುರುತಿಸಿದವರಲ್ಲಿ ಇಂಗ್ಲೆಂಡಿನ ರಿಚರ್ಡ್ ಬಾರ್ಟಲ್ ಒಬ್ಬರು. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ‘ಮಡ್’ ಎಂಬ ಆಟವನ್ನು ರಚಿಸತೊಡಗಿದರು; ಅದನ್ನು ಬೆಳೆಸಿದವರು ಬಾರ್ಟಲ್. ಆ ಆಟದಲ್ಲಿ ಚಿತ್ರಗಳಿರಲಿಲ್ಲ. ಕಾಣುವ ನೋಟವೂ ನಡೆಯುವ ಕಾಳಗವೂ ಬರಿಯ ಅಕ್ಷರಗಳಲ್ಲಿಯೇ ಮೂಡುತ್ತಿದ್ದುವು. 1996ರಲ್ಲಿ ಬಾರ್ಟಲ್ ಒಂದು ಲೇಖನದಲ್ಲಿ ಆಟಗಾರರನ್ನು ಇಸ್ಪೀಟು ಎಲೆಗಳ ನಾಲ್ಕು ರಂಗುಗಳಿಗೆ ಹೋಲಿಸಿದರು. ಸಂಪತ್ತನ್ನೂ ಅಂಕಗಳನ್ನೂ ಗಳಿಸುವವರು ಡೈಮಂಡು. ನೆಲವನ್ನು ಅಗೆದು ನೋಡುವಂತೆ ಹೊಸ ಜಾಗಗಳನ್ನು ಶೋಧಿಸುವವರು ಇಸ್ಪೀಟು. ಮಾತುಕತೆ ಗೆಳೆತನಗಳಿಗಾಗಿ ಬರುವವರು ಆಟೀನು. ಇತರರನ್ನು ಬಡಿದು ಗೆಲ್ಲುವುದರಲ್ಲಿ ಸುಖಪಡುವವರು ಕಳಾವರು. ಒಬ್ಬನಲ್ಲಿಯೇ ಈ ಗುಣಗಳು ಬೆರೆತಿರುವುದೂ ಉಂಟು.

ಈ ನಾಲ್ವರನ್ನು ಬೇರೆ ಬೇರೆಯಾಗಿ ಇರಿಸಿದರೆ ಜಗಳವೇ ಇಲ್ಲವಲ್ಲ ಎಂದು ನಮಗೆ ತೋರಬಹುದು. 1997ರಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ ಆಟದಲ್ಲಿ ಈ ಉಪಾಯವನ್ನೇ ಮಾಡಿ ನೋಡಿದರು. ಅಲ್ಲಿ ಗಣಿ ಅಗೆದು, ಬಟ್ಟೆ ಹೊಲಿದು ಶಾಂತವಾಗಿ ಬಾಳಲು ಬಯಸಿದವರನ್ನು ಇತರ ಆಟಗಾರರು ಕೊಂದು ದೋಚುತ್ತಿದ್ದರು. ದೂರುಗಳು ಹೆಚ್ಚಿದುವು. 2000ದಲ್ಲಿ ನಿರ್ಮಾಪಕರು ಅದೇ ಲೋಕದ ಪ್ರತಿಬಿಂಬದಂತಹ ಇನ್ನೊಂದು ಲೋಕವನ್ನು ರಚಿಸಿ, ಒಪ್ಪಿಗೆಯಿಲ್ಲದೆ ಯಾರನ್ನೂ ಕೊಲ್ಲಲಾಗದಂತೆ ಅಲ್ಲಿ ಕಟ್ಟು ಮಾಡಿದರು. ಬಹುಮಂದಿ ಆ ಟ್ರ್ಯಾಮೆಲ್ ಲೋಕಕ್ಕೆ ನಡೆದುಬಿಟ್ಟರು. ಹಳೆಯ ಫೆಲುಕ್ಕಾ ಬರಿದಾಗತೊಡಗಿತು. ದುರ್ಬಲರಿಗೆ ಇದರಿಂದ ರಕ್ಷಣೆ ದೊರಕಿತೆಂಬುದು ನಿಜ; ಅದು ಆಗಬೇಕಾದ ಕೆಲಸವೇ ಆಗಿತ್ತು. ಆದರೂ ಇದನ್ನು ಹೊಂದಾಣಿಕೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸಿದಂತಾಯಿತು.

ಗೋಡೆ ಎಬ್ಬಿಸಲಾಗದ ಆಟಗಳೂ ಇವೆ. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ‘ಮೋಲ್ಟನ್ ಕೋರ್’ ಎಂಬ ಬೆಂಕಿಯ ಗುಹೆಯನ್ನು ಜಯಿಸಲು 40 ಮಂದಿಯ ದಂಡು ಹೋಗುತ್ತಿತ್ತು. ಕೆಲವರು ಶತ್ರುವಿನ ಏಟು ತಾಳಿಕೊಳ್ಳಬೇಕು, ಕೆಲವರು ಗಾಯ ಮಾಯಿಸಬೇಕು, ಉಳಿದವರು ಹೊಡೆಯಬೇಕು. ಒಬ್ಬನು ಅವಸರಪಟ್ಟು ಮುಂದೆ ನುಗ್ಗಿದರೆ ಎಲ್ಲರೂ ಸಾಯುವ ಸಂಭವವಿತ್ತು. ಒಬ್ಬನು ಹರಟುತ್ತ ಕುಳಿತರೆ ಉಳಿದ 39 ಮಂದಿ ಕಾಯಬೇಕಾಗುತ್ತಿತ್ತು. ಗೆದ್ದ ಮೇಲೆ ದೊರೆಯುವ ಆಯುಧಗಳೋ ಬೆರಳೆಣಿಕೆಯವು. ಯಾರಿಗೆ ಕೊಡುವುದು? ‘ಎವರ್‌ಕ್ವೆಸ್ಟ್’ ಎಂಬ ಹಿಂದಿನ ಆಟದ ಕಾಲದಿಂದಲೇ ಆಟಗಾರರು ಇದಕ್ಕೊಂದು ಲೆಕ್ಕ ಕಂಡುಕೊಂಡಿದ್ದರು: ದಂಡಿನೊಡನೆ ಬಂದು ದುಡಿದವನಿಗೆ ಅಂಕಗಳು, ಆ ಅಂಕಗಳನ್ನು ತೆತ್ತು ಆಯುಧ. ಆಟಕ್ಕೂ ಕಿರ್ದಿ ಪುಸ್ತಕವೇ ಎಂದು ನಗುವವರು ನಗಲಿ. ಈ ಕಟ್ಟನ್ನು ಆಟದ ನಿರ್ಮಾಪಕರು ವಿಧಿಸಿದುದಲ್ಲ. ಆಡುವವರೇ ಮೊದಲು ಕುಳಿತು ಮಾತಾಡಿ ಮಾಡಿಕೊಂಡುದು. ಕಾಳಗ ಮುಗಿದ ಮೇಲೆ ಆಡುವ ಮಾತು ಜಗಳವಾಗುತ್ತದೆ. ಅದೇ ಮಾತನ್ನು ಮೊದಲೇ ಆಡಿದರೆ ಒಪ್ಪಂದವಾಗುತ್ತದೆ.

ಯಾರು ಹೆಚ್ಚು ಬಿಟ್ಟುಕೊಡಬೇಕು? ನುರಿತವನೇ ಎಂದು ನನ್ನ ಅಭಿಪ್ರಾಯ. ವೇಗವಾಗಿ ಓಡಬಲ್ಲವನು ನಿಧಾನವಾಗಿ ನಡೆಯಬಲ್ಲನು. ನಿಧಾನವಾಗಿ ನಡೆಯುವವನಿಗೆ ಓಡೆಂದರೆ ಅವನು ಏನು ಮಾಡಿಯಾನು? ಹಾಗೆಂದು ಹೊಸಬನಿಗೆ ಹೊಣೆಯೇ ಇಲ್ಲವೆಂದಲ್ಲ. ಗೊತ್ತುಮಾಡಿದ ಹೊತ್ತಿಗೆ ಬರುವುದು, ಹೇಳಿದುದನ್ನು ಕೇಳುವುದು, ನಡುವೆ ಎದ್ದು ಹೋಗಬೇಕಾದರೆ ತಿಳಿಸಿ ಹೋಗುವುದು ಅವನಿಗೂ ಸಾಧ್ಯ.

ಇಷ್ಟಾದರೂ ಎಲ್ಲ ಒಪ್ಪಂದಗಳೂ ಉಳಿಯುವುದಿಲ್ಲ. 2007ರಲ್ಲಿ ಬಂದ ಆ ಆಟದ ಮುಂದಿನ ಭಾಗದಲ್ಲಿ ದೊಡ್ಡ ದಂಡಿನ ಮಿತಿಯನ್ನು 40ರಿಂದ 25ಕ್ಕೆ ಇಳಿಸಿದರು. ವರ್ಷಗಳ ಕಾಲ ಜೊತೆಯಾಗಿ ಸೋತು ಗೆದ್ದಿದ್ದ ಕೂಟಗಳ ನಾಯಕರು ಆಗ ಆರಿಸಬೇಕಾಯಿತು: ಚುರುಕಾದ 25 ಮಂದಿಯನ್ನೋ, ಮೊದಲ ದಿನದಿಂದ ಜೊತೆಗಿದ್ದ ಗೆಳೆಯರನ್ನೋ? ಎಷ್ಟೋ ಕೂಟಗಳು ಅಲ್ಲಿಯೇ ಒಡೆದುವು. ಉಳಿದ 15 ಮಂದಿಗೆ ಏನು ಹೇಳಬೇಕೆಂಬುದನ್ನು ಯಾವ ಅಂಕದ ಪುಸ್ತಕದಲ್ಲಿಯೂ ಬರೆದಿರಲಿಲ್ಲ.